ಲೋಕಲ್ ಒತ್ತಿದವರ್ಯಾರು?

ಆ ಬುಧವಾರ ತಿಲಕನ ತಲೆ ಕೆಡಿಸಿದ್ದು ಕಡಲೆಕಾಳಿನಷ್ಟಿದ್ದ ಒಂದು ಗುಂಡಿ. ಅದಾದರೂ ಅವನ ಕಣ್ಣೆದುರಿಗಿತ್ತೇ ಎಂದರೆ ಅದೂ ಇಲ್ಲ. ಅವನು ಕೂತಿದ್ದದ್ದು ಆಂಟಾಪ್ ಹಿಲ್‌ನ ತನ್ನ ಮನೆಯಲ್ಲಿ, ಲುಂಗಿ ಉಟ್ಟುಕೊಂಡು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಡಿಸಿಕೊಂಡು. ಗುಂಡಿ ಇದ್ದದ್ದು ದೂರದ ಗೋರೆಗಾಂವ್‌ನ ಫ್ಯಾಕ್ಟರಿಯಲ್ಲಿ, ನೆಟ್‌ವರ್ಕ್ ಅನಲೈಸರ್ ಎಂಬ ಯಂತ್ರದ ಮುಖದ ಮೇಲೆ. ಅದರ ಮೇಲೆ 'ಲೋಕಲ್' ಎಂದು ಬರೆದಿತ್ತು.

ಮೊಬೈಲ್ ಟವರುಗಳಿಗೆ ಬೇಕಾದ ಫಿಲ್ಟರು, ಕೇಬಲ್ಲುಗಳನ್ನು ಮಾಡಿಕೊಡುವ ಆ ಚಿಕ್ಕ ಫ್ಯಾಕ್ಟರಿಯಲ್ಲಿ ತಿಲಕ್ ಟೆಸ್ಟಿಂಗ್ ಎಂಜಿನಿಯರ್. ತಯಾರಾದ ಮಾಲನ್ನು ಈ ಯಂತ್ರಕ್ಕೆ ಸಿಕ್ಕಿಸಿದರೆ, ಅದು ಒಂದು ಬದಿಯಿಂದ ರೇಡಿಯೋ ಅಲೆಯನ್ನು ಕಳಿಸಿ, ಎಷ್ಟು ಆಚೆ ದಾಟಿತು, ಎಷ್ಟು ಮುಖ ತಿರುಗಿಸಿ ವಾಪಸು ಬಂತು ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಮಾಲೀಕರಾದ ವಿಜಯಪುರದ ಕುತುಬುದ್ದೀನ ಸಾಹೇಬರು ಈಚೆಗೆ ಬಾಡಿಗೆಗೆ ತರಿಸಿದ್ದ ಈ ಹೊಸ ಯಂತ್ರವನ್ನು ಮನೆಯಲ್ಲಿ ಕೂತೇ ನಡೆಸಬಹುದಿತ್ತು. ದೂರದಿಂದ ಯಾರಾದರೂ 'ರಿಮೋಟ್' ಹಿಡಿದರೆಂದರೆ ಯಂತ್ರದ ಮೇಲಿನ ಗುಂಡಿಗಳೆಲ್ಲ ಸತ್ತು ಮಲಗುತ್ತವೆ. ಜೀವ ಉಳಿಯುವುದು ಒಂದಕ್ಕೇ, ಲೋಕಲ್‌ಗೆ. ಅದನ್ನು ಒತ್ತಿದರೆ ಅಧಿಕಾರವೆಲ್ಲ ಮತ್ತೆ ಯಂತ್ರದ ಮುಂದೆ ನಿಂತವನ ಕೈಗೆ.

ಹಾರ್ಬರ್ ಲೈನಿನ ಲೋಕಲ್ ಟ್ರೇನಿನಲ್ಲಿ ಇನ್ನೊಬ್ಬರ ಬೆವರನ್ನು ತನ್ನ ಅಂಗಿಯಲ್ಲಿ ಹೊತ್ತು ವರ್ಷಗಟ್ಟಲೆ ಓಡಾಡಿದ್ದ ತಿಲಕನಿಗೆ ಈ ಸೌಲಭ್ಯ ಕಂಡದ್ದೇ ಸ್ವರ್ಗದ ಬಾಗಿಲು ಕಂಡಂತಾಗಿತ್ತು. ಸಾಹೇಬರ ಬೆನ್ನು ಬಿಡದೆ ಗೋಗರೆದ. ಕಡೆಗೆ ಅವರು, "ಆತು ತಗೋಪಾ. ಈ ಬುಧವಾರ ಮನ್ಯಾಗಿಂದ ಮಾಡಿ ತೋರಸು. ಸಂಜೀ ಒಳಗ ಫಿಲ್ಟರ್ ರಿಪೋರ್ಟ್ ಗಿರಾಕಿಗೆ ಮುಟ್ಟಿದ್ರ ಪ್ರತೀ ಬುಧವಾರ ಮನಿಯಿಂದನ ಮಾಡು. ಮುಟ್ಟಲಿಲ್ಲಂದ್ರ ಈ ಮಾತು ಮತ್ತ ನನ್ನ ಮುಂದ ಎತ್ತಬ್ಯಾಡ," ಎಂದಿದ್ದರು.

ಹಾಗಾಗಿ ತಿಲಕ್ ಹಿಂದಿನ ಸಂಜೆಯೇ ಫಿಲ್ಟರುಗಳನ್ನೆಲ್ಲ ಒಂದು ಸ್ವಿಚ್ ಪೆಟ್ಟಿಗೆಯ ಮೂಲಕ ಯಂತ್ರದ ಎಡಬದಿಗೆ ಜೋಡಿಸಿಟ್ಟು ಬಂದಿದ್ದ. ಇನ್ನು ಮನೆಯಿಂದ ಒಂದೊಂದನ್ನೇ ಆರಿಸುವುದು, ಅಳೆಯುವುದು, ರಿಪೋರ್ಟಿಗೆ ಸೇರಿಸುವುದು. ಕಾಫಿ ಕುಡಿಯುತ್ತ ಮುಗಿಸುವ ಕೆಲಸ.

ಮೊದಲ ಫಿಲ್ಟರು ಸುಸೂತ್ರವಾಗಿ ಮುಗಿಯಿತು. ಎರಡನೆಯದರ ಗೆರೆ ಪರದೆಯ ಮೇಲೆ ಅರ್ಧ ದಾರಿ ನಡೆದಿತ್ತು; ಅಷ್ಟರಲ್ಲಿ ಗಕ್ಕನೆ ನಿಂತಿತು. 'ಯಂತ್ರ ಲೋಕಲ್‌ನಲ್ಲಿದೆ' ಎಂಬ ಅರ್ಥದ ಕೆಂಪು ಪಟ್ಟಿಯೊಂದು ಮೇಲೆದ್ದಿತು.

"ಯಾರವ?" ಎಂದು ತಿಲಕ್ ಲ್ಯಾಪ್‌ಟಾಪಿಗೇ ಗದರಿ, ಮತ್ತೆ ರಿಮೋಟ್ ಹಿಡಿದ. ಗೆರೆ ಮೊದಲಿನಿಂದ ಹೊರಟಿತು. ಮುಕ್ಕಾಲು ದಾರಿಗೆ ಬಂದಾಗ ಮತ್ತೆ ಕೆಂಪು ಪಟ್ಟಿ. ಈ ಸಲ ಆ ಪುಣ್ಯಾತ್ಮ ಅಳತೆಯ ವ್ಯಾಪ್ತಿಯನ್ನೂ ಬದಲಿಸಿಟ್ಟಿದ್ದ. ತಿಲಕನ ಕಿವಿ ಬಿಸಿಯಾಯಿತು. ಮತ್ತೆ ಹಿಡಿದ, ಮತ್ತೆ ಹೋಯಿತು.

ಬಾಗಿಲು ತೆರೆದೇ ಇತ್ತು. ಎದುರು ಮನೆಯ ಪೂವಪ್ಪ ಒಳಬಂದರು. ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಿವೃತ್ತರಾದ ಮನುಷ್ಯ. ಈಗ ಇಡೀ ಬಿಲ್ಡಿಂಗಿನ ಸಂಸಾರಗಳನ್ನೆಲ್ಲ ಗಿರಾಕಿಗಳ ಹಾಗೆ ವಿಚಾರಿಸಿಕೊಳ್ಳುವುದೇ ಅವರ ಕೆಲಸ.

"ಎಂತ ತಿಲಕ್, ಬುಧವಾರ ಮನೆಯಲ್ಲಿ? ಕೆಲಸ ಹೋಯ್ತಾ?"

"ಕೆಲಸ ಮಾಡ್ತಾ ಇದ್ದೇನೆ, ಪೂವಪ್ಪಣ್ಣ."

"ಲುಂಗಿಯಲ್ಲಿಯಾ?" ಎಂದು ಅವರು ಕನ್ನಡಕ ಏರಿಸಿ ಪರದೆ ನೋಡಿದರು. ಗೆರೆ ಧಡಕ್ಕನೆ ಕೆಳಗಿಳಿದು ತಳ ಹಿಡಿದಿತ್ತು. ಪೂವಪ್ಪನವರ ಮುಖ ಬಾಡಿತು. "ಅಯ್ಯೋ ದೇವರೇ. ಯಾರದ್ದು ಇದು ಇಸಿಜಿ? ಇವ ಉಳಿಯುದಿಲ್ಲ ಮಾರಾಯ."

"ಉಳಿಯುದಿಲ್ಲ!" ತಿಲಕ್ ಮೇಜು ಗುದ್ದಿದ. "ನಾನೇ ಇವತ್ತು ಉಳಿಸುದಿಲ್ಲ ಅವನನ್ನು!"

ಪೂವಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಅಡುಗೆಮನೆಯಿಂದ ಇಣುಕಿದ ಮೋಹಿನಿಗೆ, "ಬಿಪಿ ಉಂಟಾ ಇವನಿಗೆ?" ಎಂದು ಕಣ್ಣಲ್ಲೇ ಕೇಳಿದರು. ತಿಲಕನ ಹೆಂಡತಿ ಮೋಹಿನಿ, "ಬೆಳಿಗ್ಗೆಯಿಂದ ಆ ಡಬ್ಬಕ್ಕೆ ಬೈತಾ ಇದ್ದಾರೆ. ನೀವು ಕೂತುಕೊಳ್ಳಿ, ದೋಸೆ ತರ್ತೇನೆ," ಎಂದಳು.

ತಿಲಕ್ ಸಾಹೇಬರಿಗೆ ಫೋನು ಹಚ್ಚಿದ. ಅವರು ಗಿರಾಕಿಯನ್ನು ಕಾಣಲು ಅಂಧೇರಿಗೆ ಹೋಗಿದ್ದರು. "ಹಾಂ, ಮುರಿಗೆಪ್ಪಗ ನಾನ ಹೇಳೀನಿ. ಅಂವಂದೂ ನಾಕು ಕೇಬಲ್ ಅದಾವು, ಇವತ್ತ ಹೋಗಬೇಕು. ಮಶೀನಿನ ಬಲಗಡಿ ಬಾಯಿಗೆ ಹಚ್ಚಿಕೊಂಡು ನೋಡ್ತಾನ. ನೀವಿಬ್ರೂ ಜರಾ ಅಡ್ಜಸ್ಟ್ ಮಾಡ್ಕೋರಿ ಭಾಯ್," ಎಂದು ಫೋನಿಟ್ಟರು.

ಮುರಿಗೆಪ್ಪ! ಬಾಗಲಕೋಟೆಯ ಕಡೆಯ ಮುರಿಗೆಪ್ಪ ಕೇಬಲ್ ವಿಭಾಗದ ಸೂಪರ್‌ವೈಸರ್. ಮನೆ ದಹಿಸರ್‌ನಲ್ಲಿ. ಇವನಿಗೂ ತಿಲಕನಿಗೂ ಫ್ಯಾನು ಎಷ್ಟರಲ್ಲಿ ತಿರುಗಬೇಕು ಎಂಬುದರಿಂದ ಹಿಡಿದು ಯಾವುದರಲ್ಲೂ ಒಮ್ಮತವಾದದ್ದಿಲ್ಲ. ಅಡ್ಜಸ್ಟ್ ಮಾಡಿಕೊಳ್ಳಬೇಕಾದರೆ ಅವನ ಜತೆ ಮಾತಾಡಬೇಕು. ಮಾತಾಡೋಣವೆಂದರೆ ಆ ಯಂತ್ರವಿದ್ದದ್ದು ಸುತ್ತಲೂ ತಗಡು ಹೊದಿಸಿದ, ಹೊರಗಿನ ಒಂದು ಅಲೆಯೂ ಒಳನುಸುಳದ ಕೋಣೆಯಲ್ಲಿ. ಬಾಗಿಲು ಹಾಕಿಕೊಂಡರೆ ಮೊಬೈಲಿಗೆ ಸಿಗ್ನಲ್ಲೂ ಇಲ್ಲ, ಒಳಗಿನವನಿಗೆ ಲೋಕದ ಹಂಗೂ ಇಲ್ಲ.

ಉಳಿದದ್ದು ರಿಸೆಪ್ಷನ್ನಿನ ವೈಶಾಲಿ. ಕನ್ನಡದವಳೇ, ಆದರೆ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳ ಬಾಯಲ್ಲಿ ಹಿಂದಿಯ ಕೈ ಹಿಡಿದುಕೊಂಡೇ ನಡೆಯುತ್ತಿತ್ತು.

"ವೈಶಾಲೀ, ಬೇಗ ಒಳಗೆ ಹೋಗಿ ಹೇಳು. ಲೋಕಲ್ ಒತ್ತುದು ಬಂದ್ ಮಾಡ್ಲಿಕ್ಕೆ ಹೇಳು. ಕೇಳ್ತಾ? ಲೋಕಲ್ ಬಂದ್!"

ಪಕ್ಕದಲ್ಲಿ ಪ್ರೆಸ್ಸಿನ ಯಂತ್ರ ಧಡಬಡ ಎನ್ನುತ್ತಿತ್ತು. "ಕ್ಯಾ ಸರ್? ಲೋಕಲ್?"

"ಬಂದ್! ಬಂದ್! ಎಲ್ಲರಿಗೂ ಕೇಳುವ ಹಾಗೆ ಹೇಳು!"

ವೈಶಾಲಿ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಳು. ಮುಂಬಯಿಯಲ್ಲಿ 'ಲೋಕಲ್ ಬಂದ್' ಎಂಬ ಎರಡು ಮಾತಿಗೆ ಎರಡು ಅರ್ಥವಿಲ್ಲ; ಟ್ರೇನು ನಿಂತಿತು ಎಂದೇ. ವಿರಾರಿನವರು ಟಿಫಿನ್ ಡಬ್ಬಿ ಎತ್ತಿಕೊಂಡರು. ಕಲ್ಯಾಣದವರು ಅವರಿಗಿಂತ ಮೊದಲೇ ಗೇಟು ದಾಟಿದರು. ಸೋಲ್ಡರಿಂಗ್ ಮಾಡುತ್ತಿದ್ದ ಹೆಂಗಸರು ಮಕ್ಕಳ ಶಾಲೆಗೆ ಫೋನು ಹಚ್ಚಿದರು. ಬಸ್ಸಿನ ಕ್ಯೂ ಹಿಡಿಯಲು ವಾಚ್‌ಮನ್ನೇ ಓಡಿದ. ಸ್ವಲ್ಪ ಹೊತ್ತಿನಲ್ಲೇ ಫ್ಯಾಕ್ಟರಿ ಹಬ್ಬದ ಮರುದಿನದ ಚಪ್ಪರದಂತೆ ಬಣಗುಟ್ಟತೊಡಗಿತು. ಏನೂ ಕೇಳಿಸದೆ ಉಳಿದವನು ಒಬ್ಬನೇ, ತಗಡಿನ ಕೋಣೆಯ ಮುರಿಗೆಪ್ಪ. ಅವನು ನಿಶ್ಚಿಂತೆಯಿಂದ ಮತ್ತೊಮ್ಮೆ ಲೋಕಲ್ ಒತ್ತಿದ.

ಸಾಹೇಬರ ಫೋನು ಬಂದಾಗ ತಿಲಕ್ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯಬೇಕಾಯಿತು. "ಏನ್ ಹಚ್ಚೀಯೋ ನೀನು? ಯಾವ ಲೋಕಲ್ ಬಂದ್ ಆಗೇತಿ? ಅರ್ಧಾ ಫ್ಯಾಕ್ಟರಿ ಮನೀಗೆ ಹೋಗೇತಿ! ಮನ್ಯಾಗ ಕುಂತು ನನ್ನ ಕಾರಖಾನೀನ ಬಂದ್ ಮಾಡ್ತೀ ಏನು? ನೋಡು, ಸಂಜೀಕ ಗಿರಾಕಿನ್ನ ಕರಕೊಂಡು ಬರ್ತೀನಿ. ರಿಪೋರ್ಟ್ ಇರಲಿಲ್ಲಂದ್ರ ನಿನ್ನ ರಿಮೋಟ್ ಸಹಿತ ನಿನ್ನ ಸಮುದ್ರಕ್ಕ ಒಗೀತೀನಿ!"

ತಿಲಕ್ ಮತ್ತೆ ವೈಶಾಲಿಗೆ ಫೋನು ಮಾಡಿದ. "ಸರ್, ಸಾಬ್ ಬಹುತ್ ಬೈದ್ರು. ನಾನು ಅಬ್ ಕುಛ್ ಹೇಳಲ್ಲ. ನೀವೇ ಬಂದು ಹೇಳಿ," ಎಂದು ಇಟ್ಟೇಬಿಟ್ಟಳು.

"ಬರ್ತೇನೆ! ಬಂದೇ ಹೇಳ್ತೇನೆ!" ತಿಲಕ್ ಕುರ್ಚಿ ಒದ್ದು ಎದ್ದ. ಕಾಲಿಗೆ ನೋವಾಯಿತು, ಅದನ್ನೂ ಮುರಿಗೆಪ್ಪನ ಲೆಕ್ಕಕ್ಕೇ ಬರೆದುಕೊಂಡ. ಹೊರಡುವ ಮುಂಚೆ ಒಂದು ಉಪಾಯ ಹೊಳೆಯಿತು. ಲೋಕಲ್ ಒತ್ತಿದಾಗಲೆಲ್ಲ ತಾನಾಗಿಯೇ ರಿಮೋಟನ್ನು ಮತ್ತೆ ಕಸಿದುಕೊಳ್ಳುವ ಹಾಗೆ ಲ್ಯಾಪ್‌ಟಾಪಿನಲ್ಲಿ ನಾಲ್ಕು ಸಾಲಿನ ಪ್ರೋಗ್ರಾಮೊಂದನ್ನು ಬರೆದು ಓಡಿಸಿದ. ನಾನು ದಾರಿಯಲ್ಲಿರುವಷ್ಟು ಹೊತ್ತೂ ಅವನು ಸುಖವಾಗಿರಬಾರದು!

"ಊಟ?" ಎಂದಳು ಮೋಹಿನಿ.

"ಅವನನ್ನು ತಿಂದೇ ಬರ್ತೇನೆ," ಎಂದು ಪ್ಯಾಂಟಿನ ಒಂದು ಕಾಲಿಗೆ ಎರಡೂ ಕಾಲು ತೂರಿಸಿ, ಬಿಡಿಸಿಕೊಂಡು, ಮೆಟ್ಟಿಲಿಳಿದು ಹೋದ. ವಡಾಲಾ ಸ್ಟೇಷನ್ನಿನಲ್ಲಿ ಜೇಬು ಮುಟ್ಟಿ ನೋಡಿಕೊಂಡರೆ ಫೋನಿಲ್ಲ. ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. ಗೋರೆಗಾಂವ್ ಗಾಡಿ ಎದುರಿಗೇ ಬಂದು ನಿಂತಿತ್ತು. ಹತ್ತಿಬಿಟ್ಟ.

ಬಯ್ಗುಳಗಳನ್ನು ಬಾಯಿಪಾಠ ಮಾಡುತ್ತ ಹೋಗೋಣವೆಂದು ಮೆಲ್ಲಗೆ ಶುರುಮಾಡಿದವನ ದನಿ ಬಾಂದ್ರಾ ಬರುವಷ್ಟರಲ್ಲಿ ಏರಿಬಿಟ್ಟಿತ್ತು. "ಬೆರಳು ಮುರೀತೇನೆ! ಯಾವ ಬೆರಳಲ್ಲಿ ಒತ್ತಿದ್ದು, ತೋರ್ಸು!" ಎಂದು ಕೈಯೆತ್ತಿ ಗರ್ಜಿಸಿದಾಗ ಎದುರಿನ ಸೀಟಿನ ದಂಪತಿ ಒಬ್ಬರನ್ನೊಬ್ಬರು ನೋಡಿಕೊಂಡು, ಚೀಲ ಎತ್ತಿಕೊಂಡು ಬಾಗಿಲ ಕಡೆ ಸರಿದರು. ಹಾರ್ಬರ್ ಲೈನಿನ ತನ್ನ ಇಡೀ ಜೀವಮಾನದಲ್ಲಿ ತಿಲಕನಿಗೆ ಕೇಳದೆ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಅದೇ ಮೊದಲು. ಸಿಟ್ಟಿನ ಭರದಲ್ಲಿ ಅದರ ಸುಖವೂ ತಿಳಿಯಲಿಲ್ಲ.

ಫ್ಯಾಕ್ಟರಿಯ ಗೇಟಿನಲ್ಲಿ ಯಾರೂ ಇರಲಿಲ್ಲ. ರಿಸೆಪ್ಷನ್ನಿನಲ್ಲಿ ವೈಶಾಲಿ ಅವನನ್ನು ಕಂಡು ಭೂತ ಕಂಡವಳ ಹಾಗೆ ಎದ್ದು ನಿಂತಳು.

"ಸರ್, ಆಪ್ ಇಲ್ಲಿ? ತೋ ಮುರಿಗೆಪ್ಪ ಸರ್ ಯಾರನ್ನ ಹೊಡೀಲಿಕ್ಕೆ ಹೋದ್ರು?"

"ಎಂತ? ಎಲ್ಲಿ ಹೋದ ಅವ?"

"ನಿಮ್ಮ ಮನೆಗೆ! ಅವರು ಚಾಯ್ ಕುಡೀಲಿಕ್ಕೆ ಹೊರಗೆ ಬಂದ್ರು. ಮಶೀನಿಗೆ ಭೂತ ಹಿಡಿದಿದೆ, ಲೋಕಲ್ ಒತ್ತಿದ್ರೆ ನಿಲ್ಲಲ್ಲ ಬೋಲೇ. ನಾನು, ಭೂತ ಅಲ್ಲ ತಿಲಕ್ ಸರ್, ಘರ್ ಸೇ ಮಾಡ್ತಿದಾರೆ ಅಂತ ಹೇಳ್ದೆ. ಅವರು ನಿಮಗೆ ಫೋನ್ ಲಗಾಯಾ. ನೀವು ಬಹುತ್ ಬೈದ್ರಿ. 'ಗಂಡಸಾದ್ರೆ ಮನೆಗೆ ಬಾ, ಕಟ್ಟಿ ಹಾಕ್ತೇನೆ' ಬೋಲಾ ನಾ ನೀವು?"

ತಿಲಕನಿಗೆ ಆ ದನಿ ಯಾರದೆಂದು ಕೇಳದೆಯೇ ತಿಳಿಯಿತು. ಚಾರ್ಜಿಗೆ ಹಾಕಿದ್ದ ಫೋನು ರಿಂಗಾದದ್ದು, ದೋಸೆ ತಿನ್ನುತ್ತಿದ್ದ ಪೂವಪ್ಪನವರು ಎದ್ದು ಎತ್ತಿದ್ದು, ಎದುರು ಮನೆಯ ಹುಡುಗನ ಮಾನ ಕಾಯಲು ಹೋಟೆಲಿನ ದಿನಗಳ ಗಂಟಲು ತೆರೆದದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಎಲ್ಲೋ ಬಾಂದ್ರಾ, ಖಾರ್‌ಗಳ ನಡುವೆ ಒಂದು ಗಾಡಿಯಲ್ಲಿ ತಾನು ಹಲ್ಲು ಕಡಿಯುತ್ತ ಬರುವಾಗ, ಪಕ್ಕದ ಹಳಿಯಲ್ಲಿ ಮುರಿಗೆಪ್ಪ ಹಲ್ಲು ಕಡಿಯುತ್ತ ಹೋಗಿದ್ದ.

ಹೋಗಲಿ, ಪೀಡೆ ತೊಲಗಿತಲ್ಲ, ಯಂತ್ರ ತನ್ನದೇ ಎಂದುಕೊಂಡು ತಿಲಕ್ ತಗಡಿನ ಕೋಣೆಗೆ ನುಗ್ಗಿದ. ಪರದೆಯ ಮೂಲೆಯಲ್ಲಿ 'ರಿಮೋಟ್' ಎಂದು ಉರಿಯುತ್ತಿತ್ತು. ಅವನೇ ಲೋಕಲ್ ಒತ್ತಿದ. ಎರಡನೇ ಫಿಲ್ಟರಿನ ಗೆರೆ ಹೊರಟಿತು. ಅರ್ಧ ದಾರಿ. ಠಕ್! ರಿಮೋಟ್.

ಅವನ ಕೈ ಅವನ ಹಣೆಗೇ ಹೋಯಿತು. ಮನೆಯಲ್ಲಿ ತಾನೇ ಬರೆದಿಟ್ಟು ಬಂದ ನಾಲ್ಕು ಸಾಲು! ಮುರಿಗೆಪ್ಪನಿಗೆಂದು ಕಟ್ಟಿದ ನಾಯಿ ಈಗ ಕಟ್ಟಿದವನನ್ನೇ ಕಚ್ಚತೊಡಗಿತ್ತು. ಹಿಂದಿನ ನೆಟ್‌ವರ್ಕ್ ವಯರನ್ನೇ ಕಿತ್ತುಬಿಡೋಣವೆಂದರೆ, ಬಾಡಿಗೆ ಯಂತ್ರದ ಲೈಸೆನ್ಸೆಲ್ಲ ಅದರ ಮೂಲಕವೇ ಬರುತ್ತಿದ್ದದ್ದು. ಕಿತ್ತರೆ ಅಳೆಯುವ ಸೌಲಭ್ಯಗಳೇ ಮುಚ್ಚಿಹೋಗುತ್ತವೆ. ಒತ್ತಿದ. ಕಸಿಯಿತು. ಮತ್ತೆ ಒತ್ತಿದ. ಮತ್ತೆ ಕಸಿಯಿತು. ಯಂತ್ರಕ್ಕೆ ಒಂದು ಬಾರಿಸಲು ಎತ್ತಿದ ಕೈಯನ್ನು ಅದರ ಬೆಲೆ ನೆನೆದು ಇಳಿಸಿ, ಪಕ್ಕದ ಸ್ಟೂಲಿಗೆ ಬಾರಿಸಿದ.

ರಿಸೆಪ್ಷನ್ನಿಗೆ ಓಡಿ ಮನೆಗೆ ಫೋನು ಹಚ್ಚಿದ. ಹಿನ್ನೆಲೆಯಲ್ಲಿ ದೋಸೆ ಚುಯ್ಯೆನ್ನುವ ಸದ್ದು.

"ಮೋಹಿನೀ! ಮೊದಲು ಆ ಲ್ಯಾಪ್‌ಟಾಪ್ ಮುಚ್ಚು!"

"ಮುಚ್ಚುದು ಹೇಗೆ? ಅದರ ಎದುರು ಅವರು ಕೂತಿದ್ದಾರಲ್ಲ. ನಿಮ್ಮ ಆಫೀಸಿನವರು. ಪಾಪ, ಬೆವರಿಳಿಸಿಕೊಂಡು ಬಂದ್ರು. ಮೊದಲು ಸ್ವಲ್ಪ ಬೊಬ್ಬೆ ಹಾಕಿದ್ರು. ಮತ್ತೆ ನೀರು ಕೊಟ್ಟೆ, ನೀರ್‌ದೋಸೆ ಕೊಟ್ಟೆ. ಈಗ ಸುಮ್ಮನಾಗಿದ್ದಾರೆ. ಕೊಡ್ತೇನೆ ಇರಿ."

"ಯಾರು, ತಿಲಕ್ ಸರಾ?" ಮುರಿಗೆಪ್ಪನ ದನಿ, ಬಾಯಿ ತುಂಬ ದೋಸೆ. "ನೀವೇನ್ರೀ, ಮನೀಗೆ ಬಾ ಅಂತ ಕರದು ನೀವ ಓಡಿ ಹೋಗೀರಿ?"

"ಹೇ ಮುರಿಗೆಪ್ಪ! ಆ ಪ್ರೋಗ್ರಾಮ್ ನಿಲ್ಲಿಸು! ಈ ಕ್ಷಣ!"

"ನಿಲ್ಲಿಸೀನ್ರೀ. ಅದೇನೋ ತಂತಾನ ಕಸಕೊಳ್ಳಾಕತ್ತಿತ್ತು. ಈಗ ಕೈಯಾಗಿಂದ ನಾನ ಹಿಡಿದೀನಿ. ನನ್ನ ಕಡೀ ಕೇಬಲ್ಲು ಅಲ್ಲೇ ಹಚ್ಚಿಟ್ಟು ಬಂದೀನಲ್ಲ. ಇಲ್ಲೆ ಕುಂತು ಮುಗಸ್ತೀನಿ. ಏನ್ ಛಲೋ ಗಾಳಿ ಬರ್ತೈತ್ರಿ ನಿಮ್ಮ ಮನ್ಯಾಗ!"

"ನನ್ನ ಮನೆಯಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲಿ..." ಎಂದು ತಿಲಕ್ ಗುಡುಗಿದ. ಟ್ರೇನಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಎದುರುಬದುರು ನಿಂತವನಿಗೆ ಬೈಯಲೆಂದು ಕಟ್ಟಿದ್ದು. ಬೆರಳು ಮುರಿಯುತ್ತೇನೆ ಎನ್ನಲು ಆ ಬೆರಳು ಈಗ ಆಂಟಾಪ್ ಹಿಲ್‌ನಲ್ಲಿತ್ತು. ರಿಸೀವರ್ ಕುಕ್ಕಿ ಕೋಣೆಗೆ ಓಡಿ ಲೋಕಲ್ ಒತ್ತಿದ. ಅಲ್ಲಿಂದ ಮುರಿಗೆಪ್ಪ ರಿಮೋಟ್ ಹಿಡಿದ. ಇವನು ಒತ್ತಿದ. ಅವನು ಹಿಡಿದ. ನಡುವೆ ಸಿಕ್ಕ ಯಂತ್ರ ಎರಡು ಹೆಂಡಿರ ಗಂಡನ ಹಾಗೆ ಇತ್ತ ತಿರುಗುವುದರಲ್ಲಿ ಅತ್ತ, ಅತ್ತ ತಿರುಗುವುದರಲ್ಲಿ ಇತ್ತ ಆಗಿ ಒದ್ದಾಡಿತು.

ಇವನು ಮತ್ತೊಮ್ಮೆ ಬೆರಳು ಎತ್ತಿದ್ದಾಗ ಬಾಗಿಲು ತೆರೆಯಿತು. ಕುತುಬುದ್ದೀನ ಸಾಹೇಬರು, ಅವರ ಹಿಂದೆ ಗಿರಾಕಿ ಕಂಪನಿಯ ವಿಜೇತಾ ಮೇಡಂ.

ಅದೇ ಹೊತ್ತಿಗೆ ಪರದೆಯ ಮೇಲೆ ಕೇಬಲ್ಲಿನ ಗೆರೆ ಮುಗಿಯಿತು. ಪಾಸ್. ಸ್ವಿಚ್ ಪೆಟ್ಟಿಗೆ ಟಿಕ್ ಎಂದಿತು, ಎರಡನೇ ಫಿಲ್ಟರ್ ತಾನಾಗಿ ಸೇರಿಕೊಂಡು ಹೊಸ ಗೆರೆ ಹೊರಟಿತು. ಯಾರೂ ಮುಟ್ಟದ ಯಂತ್ರ ಒಂದಾದ ಮೇಲೊಂದು ಕೆಲಸ ಮಾಡುವುದನ್ನು ನೋಡಿ ಮೇಡಂ ಹುಬ್ಬೇರಿಸಿದರು.

"ವಾಹ್! ಯಾರು ಇದನ್ನ ಆಪರೇಟ್ ಮಾಡ್ತಾ ಇರೋದು?"

ತಿಲಕ್ ಬಾಯಿ ತೆರೆದ. ಅವನಿಗಿಂತ ಮೊದಲು ಬಾಗಿಲಲ್ಲಿದ್ದ ವೈಶಾಲಿ, "ಮುರಿಗೆಪ್ಪ ಸರ್, ಆಂಟಾಪ್ ಹಿಲ್ ಸೇ," ಎಂದಳು.

"ಅಲ್ಲ ಸರ್, ಇದು..." ಎನ್ನುತ್ತ ತಿಲಕ್ ಲೋಕಲ್ ಗುಂಡಿಯತ್ತ ಬೆರಳು ಚಾಚಿದ.

ಸಾಹೇಬರು ಅವನ ಮಣಿಕಟ್ಟು ಹಿಡಿದು, ಹಲ್ಲುಗಳ ನಡುವೆಯೇ, "ಮುಟ್ಟಿದ್ರ ನೋಡು!" ಎಂದರು.

ಆಮೇಲೆ ತಿಲಕ್ ಕೈ ಹಿಂದಕ್ಕೆ ಕಟ್ಟಿಕೊಂಡು, ಒಳಗೊಳಗೇ ಕುಕ್ಕರಿನಂತೆ ಕುದಿಯುತ್ತ ನಿಂತು, ತನ್ನ ಫಿಲ್ಟರುಗಳನ್ನು ತನ್ನದೇ ಮನೆಯಲ್ಲಿ ಕೂತು ಮುರಿಗೆಪ್ಪ ಒಂದೊಂದಾಗಿ ಅಳೆದು ಮುಗಿಸುವುದನ್ನು ನೋಡಬೇಕಾಯಿತು. ತಾನೇ ಅಂದವಾಗಿ ಜೋಡಿಸಿಟ್ಟಿದ್ದ ಪಟ್ಟಿ. ಯಾವ ದಡ್ಡನೂ 'ಮುಂದೆ' ಎಂದು ಒತ್ತುತ್ತ ಹೋದರೆ ಸಾಕಿತ್ತು. ಪೇಟೆಯಲ್ಲಿ ದೀಪ ಹತ್ತುವ ಮೊದಲೇ ರಿಪೋರ್ಟು ಮೇಡಂ ಕೈಯಲ್ಲಿತ್ತು. ಮುಂದಿನ ಆರ್ಡರೂ ಅಲ್ಲೇ ಪಕ್ಕಾ ಆಯಿತು.

ಅವರನ್ನು ಕಾರು ಹತ್ತಿಸಿ ಬಂದ ಸಾಹೇಬರ ಮುಖ ಅರಳಿತ್ತು. "ಶಾಬ್ಬಾಸ್ ತಿಲಕ್! ನಿನ್ನ ಮಾತ ಖರೇ ಆತು. ರಿಮೋಟ್ ಅಂದ್ರ ಭಾರೀ ಕೆಲಸದ್ದು. ಇನ್ನ ಮ್ಯಾಲೆ ಪ್ರತೀ ಬುಧವಾರ ಹಿಂಗ ನಡೀಲಿ."

ಬೆಳಗಿನಿಂದ ಮೊದಲ ಬಾರಿಗೆ ತಿಲಕನ ಹುಬ್ಬು ಸಡಿಲಾಯಿತು. "ಹಾಗಾದ್ರೆ ಬುಧವಾರ ನಾನು ಮನೆಯಲ್ಲಿ..."

"ನೀ ಯಾಕ ಮನ್ಯಾಗ? ನೀ ಇಲ್ಲಿ. ಗಿರಾಕಿ ಮುಂದ ನಿಂತು ಮಾತಾಡಾಕ ಒಬ್ಬಾಂವ ಎಂಜಿನಿಯರ್ ಬೇಕಲ್ಲ? ಮನ್ಯಾಗಿಂದ ಮುರಿಗೆಪ್ಪ ಮಾಡ್ತಾನ. ಮೇಡಂಗ ಅಂವನ ಕೆಲಸ ಪಸಂದ್ ಆಗೇತಿ."

"ಅವನ ಮನೆ ದಹಿಸರ್‌ನಲ್ಲಿ ಉಂಟಲ್ಲ ಸರ್. ಅಲ್ಲಿಂದ ಮಾಡ್ಲಿ!"

"ಫೋನ್ ಹಚ್ಚಿ ಕೇಳಿದೆ. ದಹಿಸರದಾಗ ಅಂವನ ಖೋಲಿಗೆ ನೆಟ್ ಬರಂಗಿಲ್ಲಂತ. ನಿನ್ನ ಮನ್ಯಾಗ ನೆಟ್ ಛಲೋ ಐತಿ, ಗಾಳಿ ಛಲೋ ಐತಿ ಅಂದ. ಲ್ಯಾಪ್‌ಟಾಪ್ನೂ ಅಲ್ಲೇ ಐತಿ. ಅದನ್ನ ತಂದು ಒಯ್ಯೋದು ಯಾಕ? ನೀ ಮುಂಜಾನೆ ಲೋಕಲ್ ಹಿಡಿ, ಅಂವ ನಿಮ್ಮನೀಗೆ ಬರ್ತಾನ. ಜರಾ ಅಡ್ಜಸ್ಟ್ ಮಾಡ್ಕೋ ಭಾಯ್."

ತಿಲಕ್ ಏನನ್ನೋ ಹೇಳಲು ಉಸಿರೆಳೆದುಕೊಂಡ. ಅಷ್ಟರಲ್ಲಿ ರಿಸೆಪ್ಷನ್ನಿನ ಫೋನು ರಿಂಗಾಯಿತು. ವೈಶಾಲಿ ಎತ್ತಿ, "ಸರ್, ನಿಮ್ಮ ಮ್ಯಾಡಮ್ ಕಾ," ಎಂದು ಅವನ ಕೈಗೆ ಕೊಟ್ಟಳು.

"ಇವ್ರೇ, ಕೇಳಿತಾ?" ಮೋಹಿನಿಯ ದನಿಯಲ್ಲಿ ಸಂಭ್ರಮ. "ಪಾಪ ಮುರಿಗೆಪ್ಪನವರು ನಿಮ್ಮ ಕೆಲಸವನ್ನೂ ಅವರೇ ಮುಗಿಸಿಕೊಟ್ರು. ಪೂವಪ್ಪಣ್ಣನಿಗೂ ಅವರಿಗೂ ಭಾರೀ ದೋಸ್ತಿ ಆಗಿದೆ, ಈಗ ಇಸ್ಪೀಟು ಆಡ್ತಾ ಇದ್ದಾರೆ. ಬರುವಾಗ ಸ್ಟೇಷನ್ ಹತ್ತಿರ ಜೋಳದ ಹಿಟ್ಟು ಸಿಕ್ಕಿದ್ರೆ ತನ್ನಿ ಆಯ್ತಾ. ಬುಧವಾರ ಅವರಿಗೆ ರೊಟ್ಟಿಯೇ ಆಗಬೇಕಂತೆ."